ಡಿ ಡ್ರೈವ್ ಖಾಲಿ, ಸಿ ಡ್ರೈವ್ ಭರ್ತಿ: ಫಾರ್ಮ್ಯಾಟ್ ಮಾಡಲೇಬೇಕೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಮನೆ ನಮ್ಮದು. ಮನೆಯಲ್ಲೊಂದು ಡೆಸ್ಕ್‌ಟಾಪ್ ಇದೆ: ವಿಂಡೋಸ್ 10, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಸಿ ಡ್ರೈವ್ 97.6 ಜಿಬಿ, ಅದರಲ್ಲಿ ಉಳಿದಿರುವುದು 1.8 ಜಿಬಿ, ಗೆರೆ ಕೆಂಪಾಗಿದೆ. ಡಿ ಡ್ರೈವಿನಲ್ಲಿ 600 ಜಿಬಿಗೂ ಹೆಚ್ಚು ಖಾಲಿ. ಅಪ್‌ಡೇಟ್ ಹಾಕಿದರೆ 0ಎಕ್ಸ್80070070 ಎಂಬ ದೋಷ ಬರುತ್ತದೆ. ರಿಸೈಕಲ್ ಬಿನ್ ಖಾಲಿ ಮಾಡಿದೆ, ಒಂದು ಕ್ಲೀನರ್ ಓಡಿಸಿದೆ. 3 ಜಿಬಿ ಸಿಕ್ಕಿತು, ವಾರದೊಳಗೆ ಮತ್ತೆ ಮೊದಲಿನ ಸ್ಥಿತಿ. ಡಿ ಡ್ರೈವನ್ನು 100 ಜಿಬಿ ಕುಗ್ಗಿಸಿ ಸಿಗೆ ಸೇರಿಸೋಣವೆಂದರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಸುಕಾಗಿದೆ, ಒತ್ತಲು ಬರುವುದಿಲ್ಲ. ಅಡಿಕೆ ವ್ಯಾಪಾರದ ಟ್ಯಾಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕಾಗದಪತ್ರ, ಮನೆಯ ಫೋಟೊ ಎಲ್ಲ ಇದರಲ್ಲೇ ಇವೆ. ಶಿವಮೊಗ್ಗಕ್ಕೆ ತಂದರೆ ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎಂದಿದ್ದಾರೆ. ಬೇರೆ ದಾರಿ ಇಲ್ಲವೆ?

ಉತ್ತರ: ಇದೆ. ಫಾರ್ಮ್ಯಾಟ್ ಬೇಡ. ಫಾರ್ಮ್ಯಾಟ್ ಮಾಡಿಸಿದರೂ ಅದೇ 97.6 ಜಿಬಿಯ ಸಿ ಡ್ರೈವ್ ಸಿಗುತ್ತದೆ, ನೀವು ಕೆಲಸ ಮಾಡುವ ರೀತಿಯೂ ಅದೇ ಇರುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಕೆಂಪು. ನಡುವೆ ನುಡಿಯ ಫಾಂಟುಗಳು, ಪ್ರಿಂಟರ್ ಡ್ರೈವರುಗಳು, ಟ್ಯಾಲಿ ಲೈಸೆನ್ಸ್ ಎಲ್ಲವನ್ನೂ ಮತ್ತೆ ಕೂರಿಸುವ ಉಸಾಬರಿ ಬೇರೆ.

ಮೊದಲು ಆ ದೋಷಸಂಖ್ಯೆಯ ಬಗ್ಗೆ. 0ಎಕ್ಸ್80070070 ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದಷ್ಟೇ ಅರ್ಥ. ವಿಂಡೋಸ್ ಕೆಟ್ಟಿದೆ ಎಂದಲ್ಲ. ಇದರ ಜೊತೆಗೇ ಗೊಂದಲವಾಗುವ ಇನ್ನೊಂದು ಸಂಖ್ಯೆ 0ಎಕ್ಸ್80070643. ಅದು 2024ರ ಜನವರಿಯಲ್ಲಿ ಬಂದ ಕೆಬಿ5034441 ಅಪ್‌ಡೇಟಿನಿಂದ ಹೆಚ್ಚು ಜನರಿಗೆ ಪರಿಚಯವಾಯಿತು. ಅಲ್ಲಿ ಜಾಗ ಸಾಲದಿದ್ದುದು ಸಿ ಡ್ರೈವಿನಲ್ಲಲ್ಲ, ಕಣ್ಣಿಗೆ ಕಾಣದ ರಿಕವರಿ ಪಾರ್ಟಿಶನ್ನಿನಲ್ಲಿ, ಅಂದರೆ ವಿಂಡೋಸ್ ಕೆಟ್ಟಾಗ ಸರಿಪಡಿಸಲೆಂದು ಡಿಸ್ಕಿನಲ್ಲಿ ಬೇರೆ ತೆಗೆದಿಟ್ಟ ಪಾಲಿನಲ್ಲಿ. ಸಿ ಡ್ರೈವ್ ಎಷ್ಟು ಗುಡಿಸಿದರೂ ಆ ದೋಷ ಹೋಗುವುದಿಲ್ಲ. ನಿಮ್ಮದು ಅದಲ್ಲ, ನಿಮ್ಮದು ಸುಲಭದ್ದು.

ಈ 97.6 ಎಂಬ ಅಡ್ಡಾದಿಡ್ಡಿ ಅಂಕಿ ಎಲ್ಲಿಂದ ಬಂತು? ವಿಂಡೋಸ್ ಹಾಕುವಾಗ ಯಾರೋ ಪಾರ್ಟಿಶನ್ ಅಳತೆಯ ಪೆಟ್ಟಿಗೆಯಲ್ಲಿ 1,00,000 ಎಂಬಿ ಎಂದು ಹೊಡೆದಿದ್ದಾರೆ. 1024ರಿಂದ ಭಾಗಿಸಿದರೆ 97.65 ಜಿಬಿ. ಅಂಗಡಿಗಳಲ್ಲಿ ಜೋಡಿಸಿದ ಎಷ್ಟೋ ಕಂಪ್ಯೂಟರುಗಳಲ್ಲಿ ಇದೇ ಅಳತೆ ಕಾಣುತ್ತದೆ. ವಿಂಡೋಸ್ 10ಕ್ಕೆ ಇಷ್ಟು ಜಾಗ ಕಡಿಮೆಯೇನಲ್ಲ. ಆದರೆ ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್, ಡೆಸ್ಕ್‌ಟಾಪ್ ಫೋಲ್ಡರುಗಳು ತಾವಾಗಿಯೇ ಸಿ ಡ್ರೈವಿನೊಳಗೆ ಇರುತ್ತವೆ ಎಂಬುದನ್ನು ಪಾರ್ಟಿಶನ್ ಮಾಡಿದವರು ಹೇಳಿರುವುದಿಲ್ಲ, ಅವನ್ನು ಡಿಗೆ ತಿರುಗಿಸಿಯೂ ಇರುವುದಿಲ್ಲ. ಡಿ ಡ್ರೈವ್ ಖಾಲಿ ಬಿದ್ದಿರುವುದು ಅದಕ್ಕೇ.

ಕ್ಲೀನರ್ ಕೊಟ್ಟ 3 ಜಿಬಿ ವಾರದಲ್ಲಿ ಮಾಯವಾದುದಕ್ಕೂ ಕಾರಣವಿದೆ. ಸಿ ಡ್ರೈವಿನಲ್ಲಿ ಮೂರು ಬಗೆಯ ಹೊರೆ ಇರುತ್ತದೆ. ತೆಗೆದರೂ ಮತ್ತೆ ತುಂಬಿಕೊಳ್ಳುವುದು: ಬ್ರೌಸರ್ ಕ್ಯಾಶ್ (ನೋಡಿದ ಪುಟಗಳ ನಕಲು), ಥಂಬ್‌ನೇಲ್, ದಿನನಿತ್ಯದ ಟೆಂಪ್ ಕಡತ. ತೆಗೆದರೆ ಹೆಚ್ಚುಕಡಿಮೆ ಹೋಗಿಯೇಬಿಡುವುದು: ಹಳೆಯ ಅಪ್‌ಡೇಟುಗಳ ಉಳಿಕೆ, ಹಳೆಯ ವಿಂಡೋಸ್, ಕ್ರ್ಯಾಶ್ ಡಂಪ್ (ವಿಂಡೋಸ್ ಕುಸಿದಾಗ ಬರೆದಿಡುವ ಕಡತ). ಅಲ್ಲಿ ಇರಲೇಬಾರದಾಗಿದ್ದದ್ದು: ನಿಮ್ಮ ಸ್ವಂತ ಫೋಟೊ, ವಿಡಿಯೊ. ಕ್ಲೀನರುಗಳು ಹೆಚ್ಚಾಗಿ ಕೈ ಹಾಕುವುದು ಮೊದಲ ಬಗೆಗೆ. ಆ ಕ್ಯಾಶ್ ಇದ್ದದ್ದೇ ಪುಟಗಳು ಬೇಗ ತೆರೆಯಲೆಂದು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ಮನೆಗಳಲ್ಲಿ ಅದನ್ನು ಅಳಿಸಿದರೆ ಡೇಟಾ ಖರ್ಚಾಗುವುದಷ್ಟೇ ಲಾಭ. ರಿಜಿಸ್ಟ್ರಿ ಕ್ಲೀನರುಗಳ ಮಾತು ಬಿಡಿ. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ದಾಖಲೆ; ಅದರಿಂದ ಸಿಗುವ ಜಾಗ ಲೆಕ್ಕಕ್ಕೇ ಬಾರದು, ಕೆಡುವ ಸಾಧ್ಯತೆ ಮಾತ್ರ ಖಚಿತ. ನೀವು ಹಾಕಿದ ಕ್ಲೀನರನ್ನು ಮೊದಲು ಅನ್‌ಇನ್‌ಸ್ಟಾಲ್ ಮಾಡಿ.

ಅಳತೆ ಮೊದಲು

ಏನನ್ನಾದರೂ ಅಳಿಸುವ ಮುನ್ನ ಯಾವುದು ಎಷ್ಟು ತಿಂದಿದೆ ಎಂದು ನೋಡಿ. ಮನೆಬಳಕೆಗೆ ಉಚಿತವಾದ ವಿಜ್‌ಟ್ರೀ ಈ ಕೆಲಸಕ್ಕೆ ಚೆನ್ನಾಗಿದೆ. ಇನ್‌ಸ್ಟಾಲ್ ಬೇಡದ ಪೋರ್ಟಬಲ್ ಆವೃತ್ತಿಯೂ ಇದೆ. ಅದನ್ನು ಡಿ ಡ್ರೈವಿನಲ್ಲೇ ಬಿಚ್ಚಿಟ್ಟು ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಡಿ. ಇದು ಫೋಲ್ಡರುಗಳನ್ನು ಒಂದೊಂದಾಗಿ ಹೊಕ್ಕು ನೋಡದೆ ಎನ್‌ಟಿಎಫ್‌ಎಸ್‌ನ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವಿಂಡೋಸ್ ವ್ಯವಸ್ಥೆ) ಮೂಲಪಟ್ಟಿಯನ್ನೇ ನೇರವಾಗಿ ಓದುವುದರಿಂದ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಬೇಗ ಮುಗಿಯುತ್ತದೆ. ವಿನ್‌ಡಿರ್‌ಸ್ಟ್ಯಾಟ್, ಟ್ರೀಸೈಜ್ ಫ್ರೀ ಕೂಡ ಆಗುತ್ತವೆ.

ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದನ್ನು ಮರೆತರೆ ಲೆಕ್ಕ ತಾಳೆಯಾಗುವುದಿಲ್ಲ. ಸಿ ಡ್ರೈವ್ ತೆರೆದು ಎಲ್ಲ ಫೋಲ್ಡರ್ ಆರಿಸಿ ಪ್ರಾಪರ್ಟೀಸ್ ನೋಡಿದಾಗ 70 ಜಿಬಿ ಎನ್ನುತ್ತದೆ, ಡ್ರೈವ್ ಮಾತ್ರ 96 ತುಂಬಿದೆ ಎನ್ನುತ್ತದೆ; 'ಉಳಿದದ್ದು ವೈರಸ್ ತಿಂದಿತೇ' ಎಂದು ಕೇಳುವವರು ತುಂಬಾ ಜನ. ಆ ವ್ಯತ್ಯಾಸ ಸಾಮಾನ್ಯವಾಗಿ ಮೂರು ಕಡೆ ಇರುತ್ತದೆ: ಸಿಸ್ಟಮ್ ರಿಸ್ಟೋರ್‌ನ ನಕಲುಗಳು (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಇಟ್ಟವು), ಹೈಬರ್ನೇಶನ್ ಕಡತ (ಕಂಪ್ಯೂಟರ್ ಮಲಗಿಸುವಾಗ ರ್‍ಯಾಮ್‌ನಲ್ಲಿದ್ದದ್ದನ್ನು ಬರೆದಿಡುವುದು), ಪೇಜ್‌ಫೈಲ್ (ರ್‍ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ). ಮೂರೂ ಮರೆಯಲ್ಲಿರುವಂಥವು.

ವಿಜ್‌ಟ್ರೀಯಲ್ಲಿ ಅತಿ ದೊಡ್ಡ ಹತ್ತು ಫೋಲ್ಡರುಗಳ ಹೆಸರು, ಅಳತೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಆ ಹಾಳೆ ನೋಡಿಕೊಂಡೇ ಮಾಡಬೇಕು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕೈ ಹಾಕುವುದೇ ಬೇಡ.

ಸ್ವಂತ ಕಡತಗಳನ್ನು ಡಿಗೆ ದಾಟಿಸುವುದು

ನಿಮ್ಮಂಥ ಕಂಪ್ಯೂಟರಿನಲ್ಲಿ ದೊಡ್ಡ ಗಂಟು ಸಿಗುವುದು 'ಯೂಸರ್ಸ್' ಫೋಲ್ಡರಿನಲ್ಲಿ. ಹಾಗಾಗಿ ಇಲ್ಲಿಂದಲೇ ಶುರು ಮಾಡಿ. ಇದಕ್ಕೆ ಮುನ್ನ ಫೋಟೊ, ಟ್ಯಾಲಿ ಲೆಕ್ಕ, ಕಾಗದಪತ್ರ ಇವಿಷ್ಟನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ತಂತಿ ಕಿತ್ತು ಪಕ್ಕಕ್ಕಿಡಿ. ಡಿ ಡ್ರೈವಿಗೆ ಕಾಪಿ ಮಾಡಿದರೆ ಬ್ಯಾಕಪ್ ಆಗಲಿಲ್ಲ. ಸಿ, ಡಿ ಎರಡೂ ಇರುವುದು ಒಂದೇ ಡಿಸ್ಕಿನ ಮೇಲೆ, ಸತ್ತರೆ ಒಟ್ಟಿಗೇ ಸಾಯುತ್ತವೆ.

ಫೋಲ್ಡರ್ ಸ್ಥಳಾಂತರಿಸುವ ಸರಿಯಾದ ಕ್ರಮ ಹೀಗೆ. ಡಿ ಡ್ರೈವಿನಲ್ಲಿ 'ಮನೆ' ಎಂದೋ ನಿಮ್ಮ ಹೆಸರಿನಲ್ಲೋ ಒಂದು ಫೋಲ್ಡರ್ ಮಾಡಿ, ಅದರೊಳಗೆ ಪಿಕ್ಚರ್ಸ್, ವಿಡಿಯೋಸ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಎಂದು ನಾಲ್ಕು ಬೇರೆಬೇರೆ ಫೋಲ್ಡರ್ ಮಾಡಿ. ಈಗ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, 'ಲೊಕೇಶನ್' ಟ್ಯಾಬ್, 'ಮೂವ್' ಬಟನ್. ಡಿಯಲ್ಲಿ ಮಾಡಿಟ್ಟ ಪಿಕ್ಚರ್ಸ್ ಫೋಲ್ಡರನ್ನು ತೋರಿಸಿ ಓಕೆ ಒತ್ತಿ. ಹಳೆಯ ಕಡತಗಳನ್ನೂ ಸಾಗಿಸಲೇ ಎಂದು ಕೇಳುತ್ತದೆ, ಯೆಸ್ ಕೊಡಿ. ಹೀಗೇ ನಾಲ್ಕಕ್ಕೂ ಮಾಡಿ. ಇನ್ನು ಮುಂದೆ ಫೋಟೊ ಸೇವ್ ಮಾಡಿದರೆ ತಾನಾಗಿಯೇ ಡಿಗೆ ಹೋಗುತ್ತದೆ, ತಂತ್ರಾಂಶಗಳಿಗೂ ಹೊಸ ವಿಳಾಸ ಗೊತ್ತಿರುತ್ತದೆ.

ಇಲ್ಲಿ ಆಗುವ ದೊಡ್ಡ ಎಡವಟ್ಟು ಒಂದಿದೆ. ಹೊಸ ಜಾಗ ತೋರಿಸುವಾಗ ಒಳಗಿನ ಫೋಲ್ಡರ್ ಆರಿಸದೆ ಡಿ ಡ್ರೈವನ್ನೇ ಆರಿಸಿ ಓಕೆ ಒತ್ತಿಬಿಡುವುದು. ಆಗ ಇಡೀ ಡಿ ಡ್ರೈವೇ 'ಪಿಕ್ಚರ್ಸ್' ಆಗಿಬಿಡುತ್ತದೆ. ಡ್ರೈವಿನ ಚಿಹ್ನೆ ಬದಲಾಗುತ್ತದೆ, ಹಿಂದಕ್ಕೆ ಹಾಕಲು ಹೋದರೆ ಡಿಯಲ್ಲಿರುವುದನ್ನೆಲ್ಲ ಎಳೆದುಕೊಂಡು ಸಿಗೆ ತರಲು ಹೊರಡುತ್ತದೆ. ಡಾಕ್ಯುಮೆಂಟ್ಸನ್ನೂ ಅಲ್ಲಿಗೇ ತೋರಿಸಿದರೆ ಎರಡು ಫೋಲ್ಡರ್ ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲು ಹೈರಾಣಾಗುತ್ತೀರಿ. ಓಕೆ ಒತ್ತುವ ಮೊದಲು ವಿಳಾಸದ ಸಾಲಿನ ಕೊನೆಯಲ್ಲಿ ಫೋಲ್ಡರಿನ ಹೆಸರು ಇದೆಯೇ ಎಂದು ನೋಡುವುದು ತಪ್ಪಿಸಬೇಡಿ.

'ಮೂವ್' ಒತ್ತಿದರೆ ದೋಷ ತೋರಿಸುತ್ತಿದೆ ಎಂದಾದರೆ ಒನ್‌ಡ್ರೈವ್ ಆ ಫೋಲ್ಡರಿನ ಬ್ಯಾಕಪ್ ಹಿಡಿದುಕೊಂಡಿರಬಹುದು. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿಲ್ಲಿಸಿ ಆಮೇಲೆ ಸಾಗಿಸಿ. ಒನ್‌ಡ್ರೈವಿನಲ್ಲೇ 'ಫ್ರೀ ಅಪ್ ಸ್ಪೇಸ್' ಎಂಬ ಆಯ್ಕೆಯೂ ಇದೆ. ಕಡತ ಮೋಡದಲ್ಲಿ ಉಳಿದು ಡಿಸ್ಕಿನಲ್ಲಿ ಹೆಸರು ಮಾತ್ರ ಇರುತ್ತದೆ. ನಗರದಲ್ಲಿ ಅದು ಸರಿ. ಆಷಾಢದ ಜಡಿಮಳೆಯಲ್ಲಿ ಎರಡು ದಿನ ಟವರ್ ಸಿಗದ ಊರಿನಲ್ಲಿ ಕಡತ ತೆರೆಯಲೇ ಬರದಂತಾಗುತ್ತದೆ. ಡಿಯಲ್ಲಿ 600 ಜಿಬಿ ಖಾಲಿ ಇಟ್ಟುಕೊಂಡು ನೀವು ಅದಕ್ಕೆ ಮೊರೆಹೋಗಬೇಕಿಲ್ಲ.

ವಾಟ್ಸ್‌ಆ್ಯಪ್ ಡೆಸ್ಕ್‌ಟಾಪ್, ಟೆಲಿಗ್ರಾಂ, ಐಫೋನ್ ಬ್ಯಾಕಪ್, ಇವು 'ಆ್ಯಪ್‌ಡೇಟಾ' ಎಂಬ ಅಡಗಿದ ಫೋಲ್ಡರಿನಲ್ಲಿ ಬೆಳೆಯುತ್ತವೆ. ಮದುವೆ ಮನೆಯ ವಿಡಿಯೊಗಳೆಲ್ಲ ನಾಲ್ಕು ಗ್ರೂಪುಗಳಲ್ಲಿ ಬಂದು ನಾಲ್ಕು ಸಲ ಡೌನ್‌ಲೋಡ್ ಆಗಿರುತ್ತವೆ. ಇವನ್ನು ಆಯಾ ಆ್ಯಪ್‌ನ ಒಳಗಿನ ಸ್ಟೋರೇಜ್ ಸೆಟ್ಟಿಂಗ್‌ನಿಂದಲೇ ಖಾಲಿ ಮಾಡಿ, ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಆ್ಯಪ್‌ಡೇಟಾ ಫೋಲ್ಡರನ್ನೇ ಕಟ್ ಮಾಡಿ ಡಿಗೆ ಪೇಸ್ಟ್ ಮಾಡಿದರೆ ಅರ್ಧದಷ್ಟು ತಂತ್ರಾಂಶ ಮರುದಿನ ಏಳುವುದಿಲ್ಲ. 'ಪ್ರೋಗ್ರಾಂ ಫೈಲ್ಸ್' ವಿಷಯದಲ್ಲೂ ಇದೇ ಮಾತು. ಅಲ್ಲಿನ ತಂತ್ರಾಂಶ ಬೇಡವಾದರೆ ಸೆಟ್ಟಿಂಗ್ಸ್‌ನ 'ಆ್ಯಪ್ಸ್' ಪಟ್ಟಿಯನ್ನು ಅಳತೆಯ ಪ್ರಕಾರ ಜೋಡಿಸಿ ಅಲ್ಲಿಂದ ಅನ್‌ಇನ್‌ಸ್ಟಾಲ್ ಮಾಡಿ.

ನಿಮ್ಮ ಟ್ಯಾಲಿ ಲೆಕ್ಕ ಎಲ್ಲಿದೆ ಎಂದು ಗೊತ್ತಿರಲಿ. ಟ್ಯಾಲಿಪ್ರೈಮ್ ತಾನಾಗಿ ಆರಿಸುವ ಜಾಗ ಸಿ ಡ್ರೈವಿನ 'ಯೂಸರ್ಸ್' ಒಳಗಿನ 'ಪಬ್ಲಿಕ್' ಫೋಲ್ಡರ್. 'ಪಬ್ಲಿಕ್ ಎಂದರೆ ಯಾರದ್ದೋ, ಬೇಡದ್ದು' ಎಂದು ಅದನ್ನು ಅಳಿಸಿ ವರ್ಷದ ಲೆಕ್ಕ ಕಳೆದುಕೊಳ್ಳಬಹುದು. ಟ್ಯಾಲಿ ಡೇಟಾ ಸಣ್ಣದು, ಸಾಗಿಸಿದರೂ ಹೆಚ್ಚು ಜಾಗ ಸಿಗದು; ಅದನ್ನು ಇದ್ದಲ್ಲೇ ಬಿಟ್ಟು ಬ್ಯಾಕಪ್ ಮಾತ್ರ ಹೊರಗಿನ ಡಿಸ್ಕಿಗೆ ತೆಗೆಯಿರಿ. ಹಾಗೆಯೇ ವಿಂಡೋಸ್‌ನ 'ಫಾಂಟ್ಸ್' ಫೋಲ್ಡರಿಗೆ ಕೈ ಹಾಕಬೇಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ಆ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತವೆ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲು.

ವಿಂಡೋಸ್‌ನ ಸ್ವಂತ ಉಳಿಕೆಗಳು

ಈಗ ಸ್ಟಾರ್ಟ್ ಮೆನುವಿನಲ್ಲಿ 'ಡಿಸ್ಕ್ ಕ್ಲೀನಪ್' ಹುಡುಕಿ ತೆರೆಯಿರಿ. ಸಿ ಡ್ರೈವ್ ಆರಿಸಿ. ಮೊದಲು ಬರುವ ಪಟ್ಟಿ ಪೂರ್ಣವಲ್ಲ. ಕೆಳಗಿರುವ 'ಕ್ಲೀನಪ್ ಸಿಸ್ಟಮ್ ಫೈಲ್ಸ್' ಒತ್ತಿದ ಮೇಲೆಯೇ ತೂಕದ ವಸ್ತುಗಳು ಕಾಣುವುದು. ಟಿಕ್ ಮಾಡಬೇಕಾದವು: ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್ಸ್, ಡೆಲಿವರಿ ಆಪ್ಟಿಮೈಸೇಶನ್ ಫೈಲ್ಸ್, ಸಿಸ್ಟಮ್ ಎರರ್ ಮೆಮೊರಿ ಡಂಪ್ ಫೈಲ್ಸ್, ಟೆಂಪೊರರಿ ಫೈಲ್ಸ್. ಥಂಬ್‌ನೇಲ್ಸ್ ಬಿಡಿ, ಅಳಿಸಿದರೆ ಫೋಟೊ ಫೋಲ್ಡರ್ ತೆರೆದಾಗ ಮತ್ತೆ ಹುಟ್ಟುತ್ತವೆ. ಡೌನ್‌ಲೋಡ್ಸ್ ಎಂಬ ಸಾಲು ಕಂಡರೆ ಟಿಕ್ ತೆಗೆಯಿರಿ. ವಿಂಡೋಸ್ 10ರ 1809 ಆವೃತ್ತಿಯಲ್ಲಿ ಇದು ಡಿಸ್ಕ್ ಕ್ಲೀನಪ್ ಒಳಗೆ ಬಂದು ಸೇರಿತ್ತು, ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟದಲ್ಲಿ ಈಗಲೂ ಇದೆ. 'ಎಲ್ಲ ಕಸವೇ ತಾನೆ' ಎಂದು ಸಾಲಾಗಿ ಟಿಕ್ ಮಾಡುತ್ತ ಹೋದರೆ ಬ್ಯಾಂಕ್ ಸ್ಟೇಟ್‌ಮೆಂಟು, ಪಹಣಿ ಪಿಡಿಎಫ್ ಎಲ್ಲ ಹೋಗುತ್ತವೆ, ರಿಸೈಕಲ್ ಬಿನ್ನಿನಲ್ಲೂ ಸಿಗುವುದಿಲ್ಲ.

ಅಪ್‌ಡೇಟ್ ಕ್ಲೀನಪ್ ಹಾರ್ಡ್ ಡಿಸ್ಕಿನಲ್ಲಿ ಒಂದು ತಾಸಿಗೂ ಹೆಚ್ಚು ಹಿಡಿಯಬಹುದು. ಹಸಿರು ಗೆರೆ ಒಂದೇ ಕಡೆ ನಿಂತಿದ್ದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಟಿಐವರ್ಕರ್ ಎಂಬ ಹೆಸರು ಓಡುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ, ಸ್ವಿಚ್ ಆಫ್ ಮಾಡಬೇಡಿ. ಗುಡುಗು ಸಿಡಿಲಿನ ಸಂಜೆ ಇದನ್ನು ಹಚ್ಚಲೇಬಾರದು. ಬೆಳಗಿನ ಹೊತ್ತು, ಯುಪಿಎಸ್ ಅಥವಾ ಇನ್ವರ್ಟರ್ ಪೂರ್ತಿ ಚಾರ್ಜ್ ಇದ್ದಾಗ ಶುರು ಮಾಡಿ.

ವಿಂಡೋಸ್ ಫೋಲ್ಡರಿನೊಳಗೆ 'ವಿನ್‌ಎಸ್‌ಎಕ್ಸ್‌ಎಸ್' ಎಂಬುದು ಹತ್ತಾರು ಜಿಬಿ ತೋರಿಸಬಹುದು. ಇದರ ಅಂಕಿ ನಂಬುವಂಥದ್ದಲ್ಲ. ಇಲ್ಲಿರುವ ಕಡತಗಳೇ ಹಾರ್ಡ್ ಲಿಂಕ್ ಮೂಲಕ ಸಿಸ್ಟಮ್32 ಮೊದಲಾದ ಕಡೆಯೂ ಕಾಣಿಸಿಕೊಳ್ಳುತ್ತವೆ. ಒಂದೇ ಜಮೀನಿಗೆ ಎರಡು ಪಹಣಿ ಇದ್ದ ಹಾಗೆ. ಎರಡನ್ನೂ ಕೂಡಿದರೆ ಇಲ್ಲದ ಎಕರೆ ಹುಟ್ಟುತ್ತದೆ. ಒಳಹೊಕ್ಕು ಕೈಯಿಂದ ಅಳಿಸಿದರೆ ವಿಂಡೋಸ್ ಏಳುವುದಿಲ್ಲ. ನಿಜವಾದ ಅಳತೆ ತಿಳಿಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆ ಬರೆಯುತ್ತಿದ್ದೇನೆ, ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು: ಡಿ-ಐ-ಎಸ್-ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್ ಅನಲೈಸ್‌ಕಾಂಪೊನೆಂಟ್‌ಸ್ಟೋರ್. ಕೊನೆಯದು ಒಂದೇ ಪದ, ನಡುವೆ ಸ್ಪೇಸ್ ಇಲ್ಲ. ಅನಲೈಸ್‌ನಲ್ಲಿ ಎಸ್ ಬದಲು ಝಡ್. ಫಲಿತಾಂಶದ ಕೊನೆಯಲ್ಲಿ ಕ್ಲೀನಪ್ ಶಿಫಾರಸು ಮಾಡಿದೆಯೇ ಎಂಬುದಕ್ಕೆ ಯೆಸ್ ಅಥವಾ ನೋ ಇರುತ್ತದೆ. ಯೆಸ್ ಇದ್ದರೆ ಅದೇ ಸಾಲಿನ ಕೊನೆಯ ಪದದ ಬದಲು ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಎಂದು ಹಾಕಿ ಓಡಿಸಿ. ಇದರ ಜೊತೆ ರೀಸೆಟ್‌ಬೇಸ್ ಸೇರಿಸಿ ಎಂದು ಯೂಟ್ಯೂಬಿನಲ್ಲಿ ಹೇಳುವವರಿದ್ದಾರೆ. ಸೇರಿಸಿದರೆ ಇನ್ನಷ್ಟು ಜಾಗ ಸಿಗಬಹುದು, ಆದರೆ ಈಗಾಗಲೇ ಕೂತ ಅಪ್‌ಡೇಟುಗಳನ್ನು ಮುಂದೆಂದೂ ತೆಗೆಯಲು ಬರುವುದಿಲ್ಲ. ನಿಮಗೆ ಅಗತ್ಯವಿಲ್ಲ.

ಮೇಲಿಂದ ಮೇಲೆ ಸೋತ ಅಪ್‌ಡೇಟಿನ ಅರೆಬರೆ ಡೌನ್‌ಲೋಡುಗಳು ವಿಂಡೋಸ್ ಒಳಗಿನ 'ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಶನ್' ಎಂಬುದರ 'ಡೌನ್‌ಲೋಡ್' ಫೋಲ್ಡರಿನಲ್ಲಿ ಕೂತಿರುತ್ತವೆ. ನಿಮ್ಮಲ್ಲಿ ಇದು ದೊಡ್ಡದೇ ಇರಬಹುದು. 'ಸರ್ವಿಸಸ್' ತೆರೆದು ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್ ಎರಡನ್ನೂ ಸ್ಟಾಪ್ ಮಾಡಿ, ಆ ಡೌನ್‌ಲೋಡ್ ಫೋಲ್ಡರಿನ ಒಳಗಿರುವುದನ್ನು ಮಾತ್ರ ಅಳಿಸಿ, ಎರಡನ್ನೂ ಮತ್ತೆ ಸ್ಟಾರ್ಟ್ ಮಾಡಿ. ಒಂದು ಎಚ್ಚರ: ಬೇಕಾದ ಅಪ್‌ಡೇಟನ್ನು ಮತ್ತೆ ಮೊದಲಿನಿಂದ ಇಳಿಸಿಕೊಳ್ಳಬೇಕಾಗುತ್ತದೆ. ಹಾಟ್‌ಸ್ಪಾಟ್‌ನಲ್ಲಿದ್ದರೆ ವೈಫೈ ಸೆಟ್ಟಿಂಗ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿಕೊಳ್ಳಿ, ಡೇಟಾ ಹೆಚ್ಚು ಸಿಗುವ ದಿನ ಆಫ್ ಮಾಡಿ ಅಪ್‌ಡೇಟ್ ಹಾಕಿ.

ಮುಟ್ಟಲೇಬಾರದ ಫೋಲ್ಡರ್ ಒಂದಿದೆ: ವಿಂಡೋಸ್ ಒಳಗೆ ಅಡಗಿರುವ 'ಇನ್‌ಸ್ಟಾಲರ್'. ಹಳೆಯ ಆಫೀಸ್, ಪಿಡಿಎಫ್ ರೀಡರ್ ಇದ್ದರೆ ಇದು ಹಲವು ಜಿಬಿಗೆ ಬೆಳೆದಿರುತ್ತದೆ, ಅಳಿಸಿದ ಕೂಡಲೇ ಏನೂ ಆಗುವುದಿಲ್ಲ. ಆರು ತಿಂಗಳ ನಂತರ ಆಫೀಸ್ ರಿಪೇರಿಗೋ ಅನ್‌ಇನ್‌ಸ್ಟಾಲಿಗೋ ಹೋದಾಗ ಬೇಕಾದ ಎಂಎಸ್‌ಐ ಕಡತ (ತಂತ್ರಾಂಶ ಕೂರಿಸಲು ಬಳಸುವ ಕಡತ) ಸಿಗದೆ ಅಡ್ಡಬೀಳುತ್ತದೆ. ಅಷ್ಟು ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ.

ವಿಂಡೋಸ್ 7 ಇನ್ನೂ ಓಡಿಸುತ್ತಿರುವವರಿಗಾಗಿ ಒಂದು ಮಾತು. ಅಲ್ಲಿ ವಿಂಡೋಸ್‌ನ 'ಟೆಂಪ್' ಫೋಲ್ಡರಿನಲ್ಲಿ 'ಕ್ಯಾಬ್' ಎಂದು ಶುರುವಾಗುವ ಕಡತಗಳು ನೂರಾರು ಇದ್ದರೆ ಮೂಲ ಬೇರೆಡೆ ಇದೆ. 'ಲಾಗ್ಸ್' ಒಳಗಿನ 'ಸಿಬಿಎಸ್' ಫೋಲ್ಡರಿನ ಲಾಗ್ 2 ಜಿಬಿ ದಾಟಿರುತ್ತದೆ. ಅದನ್ನು ಕುಗ್ಗಿಸಲು ಹೊರಡುವ ಮೇಕ್‌ಕ್ಯಾಬ್‌ಗೆ ಅಷ್ಟು ದೊಡ್ಡ ಕಡತ ನಿಭಾಯಿಸಲು ಬಾರದೆ ಸೋಲುತ್ತದೆ, ಅರ್ಧ ಬರೆದದ್ದನ್ನು ಟೆಂಪ್‌ನಲ್ಲೇ ಬಿಡುತ್ತದೆ, ಮತ್ತೆ ಶುರು ಮಾಡುತ್ತದೆ. ಟೆಂಪ್ ಮಾತ್ರ ಖಾಲಿ ಮಾಡುತ್ತಿದ್ದರೆ ಕೊನೆಯಿಲ್ಲ. ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಎಂಬ ಸರ್ವಿಸ್ ನಿಲ್ಲಿಸಿ ಆ ಹಳೆಯ ಲಾಗನ್ನು ಮೊದಲು ತೆಗೆಯಬೇಕು, ಆಮೇಲೆ ಕ್ಯಾಬ್ ಕಡತಗಳನ್ನು.

ಮರೆಯಲ್ಲಿರುವ ಮೂರು

ಹೈಬರ್ನೇಶನ್ ಕಡತ ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ರ್‍ಯಾಮ್‌ನ ಶೇ 40ರಷ್ಟಿರುತ್ತದೆ. ನಿಮ್ಮ 8 ಜಿಬಿಗೆ ಸುಮಾರು 3.2 ಜಿಬಿ. ಪೂರ್ತಿ ಆಫ್ ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ತೊಡಕಿದೆ: 'ಫಾಸ್ಟ್ ಸ್ಟಾರ್ಟಪ್' ಕೂಡ ಇದೇ ಕಡತವನ್ನು ನಂಬಿಕೊಂಡಿದೆ, ಹಾರ್ಡ್ ಡಿಸ್ಕಿನ ಕಂಪ್ಯೂಟರ್ ಏಳುವುದು ಇನ್ನಷ್ಟು ನಿಧಾನವಾಗುತ್ತದೆ. ನಿಮ್ಮ ಡೆಸ್ಕ್‌ಟಾಪಿಗೆ ಅರ್ಧಕ್ಕೆ ಇಳಿಸುವುದು ಸರಿ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ: ಪವರ್ ಎಂಬ ಪದ, ಅದಕ್ಕೇ ಅಂಟಿದಂತೆ ಸಿ-ಎಫ್-ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಸ್ಲ್ಯಾಶ್ ಟೈಪ್, ಸ್ಪೇಸ್, ರೆಡ್ಯೂಸ್ಡ್. ಪ್ಯಾರಾಮೀಟರ್ ಸರಿಯಿಲ್ಲ ಎಂದರೆ ಮೊದಲು ಅದೇ ಪದದ ಮುಂದೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಎಚ್, ಸ್ಪೇಸ್, ಸ್ಲ್ಯಾಶ್ ಸೈಜ್, ಸ್ಪೇಸ್, ಸೊನ್ನೆ ಎಂದು ಓಡಿಸಿ ಮತ್ತೆ ಪ್ರಯತ್ನಿಸಿ. ಲ್ಯಾಪ್‌ಟಾಪ್ ಇರುವವರು, ಅದರಲ್ಲೂ ಆಗುಂಬೆ-ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ಬ್ಯಾಟರಿಯ ಕೊನೆಯವರೆಗೂ ಕೆಲಸ ಮಾಡುವವರು, ಇದನ್ನು ಹಾಗೇ ಬಿಡಬೇಕು. ಬ್ಯಾಟರಿ ತಳ ಕಂಡಾಗ ತೆರೆದಿಟ್ಟ ಕೆಲಸವನ್ನು ಉಳಿಸುವುದು ಆ ಕಡತವೇ; ರೆಡ್ಯೂಸ್ಡ್ ಮಾಡಿದರೆ ಹೈಬರ್ನೇಟ್ ಸೌಲಭ್ಯ ಹೋಗುತ್ತದೆ.

ಪೇಜ್‌ಫೈಲನ್ನು ವಿಂಡೋಸ್ ತಾನೇ ನಿಭಾಯಿಸುವಾಗ ಅದು ರ್‍ಯಾಮ್‌ನ ಮೂರು ಪಟ್ಟಿನವರೆಗೆ ಬೆಳೆಯಬಹುದು, ಆದರೆ ಡ್ರೈವಿನ ಎಂಟನೇ ಒಂದು ಭಾಗ ಮೀರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಗರಿಷ್ಠ ಸುಮಾರು 12 ಜಿಬಿ. ಒಂದು ದಿನ ಜಾಗ ಇದ್ದು ಮರುದಿನ ಇಲ್ಲವಾಗುವುದಕ್ಕೆ ಇದೂ ಒಂದು ಕಾರಣ: ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಾಗ ಉಬ್ಬಿ, ರೀಸ್ಟಾರ್ಟ್ ಆದ ಮೇಲೆ ಇಳಿಯುತ್ತದೆ. ಇದನ್ನು ಡಿಗೆ ಕಳಿಸಬಹುದು. 'ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್' ತೆರೆದು ಪರ್ಫಾರ್ಮೆನ್ಸ್‌ನ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ವರ್ಚುವಲ್ ಮೆಮೊರಿಯ 'ಚೇಂಜ್'. ಮೇಲಿನ ಆಟೊಮ್ಯಾಟಿಕ್ ಟಿಕ್ ತೆಗೆದು, ಸಿಗೆ ಕಸ್ಟಮ್ ಸೈಜ್ ಎರಡೂ ಪೆಟ್ಟಿಗೆಯಲ್ಲಿ 1024 ಎಂದು ಹಾಕಿ 'ಸೆಟ್' ಒತ್ತಿ. ಆಮೇಲೆ ಡಿ ಆರಿಸಿ 'ಸಿಸ್ಟಮ್ ಮ್ಯಾನೇಜ್ಡ್ ಸೈಜ್' ಕೊಟ್ಟು ಮತ್ತೆ 'ಸೆಟ್' ಒತ್ತಿ. ಆ 'ಸೆಟ್' ಒತ್ತದೆ ನೇರ ಓಕೆ ಕೊಟ್ಟು, ಏನೂ ಬದಲಾಗಲಿಲ್ಲ ಎನ್ನುವವರೇ ಹೆಚ್ಚು. ಪೇಜ್‌ಫೈಲ್ ಪೂರ್ತಿ ತೆಗೆದುಹಾಕಬೇಡಿ. 8 ಜಿಬಿ ರ್‍ಯಾಮ್‌ನಲ್ಲಿ ಮೆಮೊರಿ ಸಾಲದೆ ತಂತ್ರಾಂಶಗಳು ತಟಕ್ಕನೆ ಮುಚ್ಚಿಕೊಳ್ಳುತ್ತವೆ.

ಸಿಸ್ಟಮ್ ರಿಸ್ಟೋರ್: 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಹುಡುಕಿ ತೆರೆದು, ಸಿ ಆರಿಸಿ 'ಕಾನ್ಫಿಗರ್' ಒತ್ತಿ. ಜಾರುಪಟ್ಟಿಯನ್ನು 4 ಜಿಬಿ ಆಸುಪಾಸಿಗೆ ತನ್ನಿ. ಆಫ್ ಮಾಡಬೇಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್ ಏಕೆ ಒಪ್ಪಲಿಲ್ಲ

ನೀವು ಡಿ ಡ್ರೈವನ್ನು 100 ಜಿಬಿ ಕುಗ್ಗಿಸಿದಾಗ ಖಾಲಿ ಜಾಗ ಬಿಡುಗಡೆಯಾದದ್ದು ಡಿಯ ಬಲಕ್ಕೆ, ಡಿಸ್ಕಿನ ಕೊನೆಯಲ್ಲಿ. ಸಿ ಇರುವುದು ಡಿಯ ಎಡಕ್ಕೆ. ವಿಂಡೋಸ್‌ನ ಈ ಸಲಕರಣೆ ತನ್ನ ಬಲಕ್ಕೆ ಅಂಟಿಕೊಂಡ ಖಾಲಿ ಜಾಗವನ್ನು ಮಾತ್ರ ಸೇರಿಸಿಕೊಳ್ಳಬಲ್ಲದು. ನಡುವೆ ಇಡೀ ಡಿ ಅಡ್ಡ ಇರುವುದರಿಂದ ಆಯ್ಕೆ ಮಸುಕಾಗಿದೆ. ಆ 100 ಜಿಬಿ ಈಗ ಯಾರಿಗೂ ಇಲ್ಲದೆ ಬಿದ್ದಿದೆ. ಡಿ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಟೆಂಡ್ ವಾಲ್ಯೂಮ್' ಕೊಟ್ಟು ಡಿಗೇ ವಾಪಸ್ ಸೇರಿಸಿಬಿಡಿ. ಅದು ಮಸುಕಾಗಿರುವುದಿಲ್ಲ, ಡೇಟಾಗೂ ಏನೂ ಆಗದು.

ಸಿಯನ್ನು ನಿಜವಾಗಿ ಹಿಗ್ಗಿಸಬೇಕೆಂದರೆ ಡಿಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಡಿಯನ್ನೇ ಅಳಿಸಿ, ಸಿ ಹಿಗ್ಗಿಸಿ, ಉಳಿದದ್ದರಲ್ಲಿ ಹೊಸ ಡಿ ಮಾಡಬೇಕು. ಅಷ್ಟಾದರೂ ಕೆಲವು ಕಂಪ್ಯೂಟರುಗಳಲ್ಲಿ ಸಿಯ ಬಲಕ್ಕೆ ಅರ್ಧ ಜಿಬಿಯ ರಿಕವರಿ ಪಾರ್ಟಿಶನ್ ಕೂತಿರುತ್ತದೆ, ಆಗ ಮತ್ತೆ ಅದೇ ಮಸುಕು. ಇನ್ನೊಂದು ದಾರಿ, ಜಿಪಾರ್ಟೆಡ್‌ನಂಥ ಸಲಕರಣೆಯಿಂದ ಡಿಯ ಆರಂಭವನ್ನೇ ಬಲಕ್ಕೆ ಸರಿಸುವುದು. ಅದು ಡಿಯ ಡೇಟಾವನ್ನು ತುಂಡು ತುಂಡಾಗಿ ಎತ್ತಿ ಮುಂದಿಡುವ ಕೆಲಸ. ಹಾರ್ಡ್ ಡಿಸ್ಕಿನಲ್ಲಿ ತಾಸುಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಡಿಯಲ್ಲಿದ್ದದ್ದು ಪೂರ್ತಿ ಹೋಗಬಹುದು. ಮನೆಯ ಸಾಮಾನ್ಯ ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಈ ಸಾಹಸ ಬೇಡವೇ ಬೇಡ. ನನ್ನ ಅಭಿಪ್ರಾಯದಲ್ಲಿ ನಿಮಗೆ ಯಾವ ತಿಂಗಳಿನಲ್ಲೂ ಬೇಡ; ಸ್ವಂತ ಕಡತ ಡಿಗೆ ಹೋದ ಮೇಲೆ 97 ಜಿಬಿ ಧಾರಾಳವಾಗಿ ಸಾಕು.

ಹಣ ಹಾಕುವ ಮನಸ್ಸಿದ್ದರೆ ಪಾರ್ಟಿಶನ್ ಎಳೆದಾಡುವ ಬದಲು 500 ಜಿಬಿಯ ಎಸ್‌ಎಸ್‌ಡಿ ಕೊಂಡು ವಿಂಡೋಸನ್ನು ಅದಕ್ಕೆ ಕ್ಲೋನ್ ಮಾಡಿಸಿ (ಇದ್ದದ್ದನ್ನು ಇದ್ದ ಹಾಗೇ ನಕಲಿಸಿ), ಈಗಿನ ಡಿಸ್ಕನ್ನು ಡೇಟಾಗೆ ಇಟ್ಟುಕೊಳ್ಳಿ. ಜಾಗದ ಜೊತೆ ವೇಗವೂ ಸಿಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಭದ್ರತಾ ಅಪ್‌ಡೇಟ್ ಸಿಗುವುದು ಹೆಚ್ಚುವರಿ ಯೋಜನೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ. ವಿಂಡೋಸ್ 11ಕ್ಕೆ ಹೋಗುವಿರಾದರೆ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಒಪ್ಪಿತ ಪ್ರೊಸೆಸರ್ ಇದೆಯೇ ನೋಡಿಕೊಳ್ಳಿ, ಸಿಯಲ್ಲಿ ಕನಿಷ್ಠ 25-30 ಜಿಬಿ ಖಾಲಿ ಇಟ್ಟು ಶುರು ಮಾಡಿ. ಮುಗಿದ ಮೇಲೆ ಹಳೆಯ ವಿಂಡೋಸ್ 'ವಿಂಡೋಸ್ ಓಲ್ಡ್' ಎಂಬ ಫೋಲ್ಡರಾಗಿ ದೊಡ್ಡ ಜಾಗ ಹಿಡಿದು ಕೂರುತ್ತದೆ. ಹಿಂದಕ್ಕೆ ಬರಲು 10 ದಿನ ಅವಕಾಶವಿದೆ, ನಂತರ ತಾನಾಗಿ ಹೋಗುತ್ತದೆ. ಆ ಹತ್ತು ದಿನ ಪ್ರಿಂಟರ್, ಟ್ಯಾಲಿ, ನುಡಿ ಎಲ್ಲ ಓಡಿಸಿ ನೋಡಿ, ಗಾಬರಿಯಾಗಿ ಮೊದಲೇ ಅಳಿಸಬೇಡಿ.

ಬ್ಯಾಕಪ್ ಡಿಸ್ಕನ್ನು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಂಪ್ಯೂಟರಿಗೆ ಚುಚ್ಚಿಟ್ಟೇ ಬಿಟ್ಟರೆ ಸಿಡಿಲಿನ ಏಟಿಗೆ ಎರಡೂ ಒಟ್ಟಿಗೆ ಸಿಗುತ್ತವೆ.

ಇಷ್ಟಾದ ಮೇಲೆ ಸಿಯಲ್ಲಿ 15ರಿಂದ 20 ಜಿಬಿ ಖಾಲಿ ನಿಲ್ಲಬೇಕು, ತಿಂಗಳ ಅಪ್‌ಡೇಟುಗಳಿಗೆ ಅದು ಸಾಕು. ನಿಲ್ಲದೆ ದಿನಕ್ಕಿಷ್ಟು ಎಂದು ಕರಗುತ್ತಲೇ ಇದ್ದರೆ ವಿಜ್‌ಟ್ರೀ ಮತ್ತೆ ತೆರೆದು 'ಫೈಲ್ ವ್ಯೂ' ಟ್ಯಾಬಿಗೆ ಹೋಗಿ, ಬದಲಾದ ದಿನಾಂಕದ ಪ್ರಕಾರ ಜೋಡಿಸಿ. ಇವತ್ತಿನ ದಿನಾಂಕ ಹೊತ್ತು ದೊಡ್ಡದಾಗಿರುವ ಕಡತ ಮೇಲಿನ ಸಾಲುಗಳಲ್ಲೇ ಇರುತ್ತದೆ. ಅದರ ಪೂರ್ತಿ ವಿಳಾಸ, ನಿನ್ನೆಯ ಅಳತೆ, ಇವತ್ತಿನ ಅಳತೆ ಈ ಮೂರನ್ನು ಬರೆದು ಕಳಿಸಿ. ಯಾವ ತಂತ್ರಾಂಶ ಬರೆಯುತ್ತಿದೆ ಎಂದು ಅದರಿಂದ ಹೇಳಬಹುದು. ಅಲ್ಲಿಯವರೆಗೆ ಆ ಕಡತವನ್ನು ಅಳಿಸಬೇಡಿ.